ಕೃತಜ್ಞತೆಯ ಗಂಟೆ

ಚರ್ಚಿನ ಗಂಟೆ ಹತ್ತು ಸಲ ಹೊಡೆಯುವಷ್ಟರಲ್ಲಿ ಊರು ಖಾಲಿಯಾಗಿತ್ತು. ಉಲ್ಮ್ ಪಟ್ಟಣದ ಹತ್ತಿರದ ಆ ಹಳ್ಳಿಯವರೆಲ್ಲ ಹಾಸಿಗೆ ಸುತ್ತಿಕೊಂಡು, ಉಳಿದ ಎರಡು ಹಸುಗಳನ್ನು ಹೊಡೆದುಕೊಂಡು, ಕಾಡಿನ ಜೌಗಿಗಿಳಿದು ಪೊದೆಗಳ ನಡುವೆ ಕೂತರು. ಲೂಥರನ ಪಂಥದವರಿಗೂ ಪೋಪನ ಪಂಥದವರಿಗೂ ನಡೆದ ಮೂವತ್ತು ವರ್ಷದ ಯುದ್ಧದಲ್ಲಿ ಆ ಗಂಟೆ ಹೊಡೆದರೆ ಸೈನಿಕರು ಬಂದರೆಂದೇ ಅರ್ಥ.

“ಈ ಸಲ ಯಾರಂತೆ? ನಮ್ಮ ಲೂಥರನ ಕಡೆಯೋರಾ, ಪೋಪನ ಕಡೆಯೋರಾ?” ಎಂದು ನೇಕಾರ ಯೋಸ್ಟ್ ಪಿಸುಗುಟ್ಟಿದ.

“ಯಾರಾದ್ರೇನಪ್ಪ. ಪೋಪನ ಕಡೆಯೋರು ಹೋದ್ಸಲ ನಂಗೊಂದು ಹಸು ಬಿಟ್ಟು ಹೋಗಿದ್ರು. ನಮ್ಮೋರು ಬಂದು, ದೇವರ ಹಾಡು ಹಾಡ್ಕೊಂಡೇ ಅದನ್ನೂ ಹೊಡ್ಕೊಂಡು ಹೋದ್ರು,” ಎಂದಳು ವಾಲ್ಪುರ್ಗಾ ಅಜ್ಜಿ. ಅವಳ ಮಕ್ಕಳಲ್ಲಿ ಒಬ್ಬ ಆ ಕಡೆ, ಇಬ್ಬರು ಈ ಕಡೆ ಸತ್ತಿದ್ದರು.

ಅಷ್ಟರಲ್ಲಿ ಪಾದ್ರಿ ಮೆಲ್ಕಿಯೋರ್ ಏದುಸಿರು ಬಿಡುತ್ತ ಓಡಿ ಬಂದರು. “ಯಾರೂ ಬಂದಿಲ್ಲ, ಎದ್ದೇಳಿ. ಯುದ್ಧ ಮುಗೀತು ಅಂತ ಭಾನುವಾರ ಓದಿ ಹೇಳಿದ್ನಲ್ಲ. ದೇವರಿಗೆ ವಂದನೆ ಹೇಳೋಣ ಅಂತ ನಾನೇ ಗಂಟೆ ಹೊಡೆಸಿದ್ದು.”

“ಶಾಂತಿ ಅಂತ ಹಿಂದೇನೂ ಓದಿದ್ರಿ,” ಎಂದ ಯೋಸ್ಟ್. ಯಾರೂ ಏಳಲಿಲ್ಲ. ಅಜ್ಜಿ ಪಾದ್ರಿಯ ಕಂಕುಳನ್ನೇ ನೋಡುತ್ತಿದ್ದಳು.

“ಯಾರೂ ಬಂದಿಲ್ಲ ಅಂದ್ರೆ ಅದನ್ನ ಯಾಕೆ ತಂದ್ರಿ, ಅಯ್ನೋರೇ?”

ಪಾದ್ರಿ ಬಗ್ಗಿ ನೋಡಿಕೊಂಡರು. ಪ್ರತಿ ಸಲ ಓಡುವಾಗಲೂ ಸೈನಿಕರ ಕೈಗೆ ಸಿಗದಂತೆ ಉಳಿಸಿಕೊಂಡು ಬಂದಿದ್ದ ಚರ್ಚಿನಲ್ಲಿ ಪ್ರಭುಭೋಜನದ ದ್ರಾಕ್ಷಾರಸ ಹಂಚುವ ಬೆಳ್ಳಿ ಬಟ್ಟಲು, ಬಟ್ಟೆಯಲ್ಲಿ ಸುತ್ತಿಸಿಕೊಂಡು, ಕಂಕುಳಲ್ಲಿತ್ತು. ಅದನ್ನು ಯಾವಾಗ ಎತ್ತಿಕೊಂಡೆನೆಂದು ಅವರಿಗೇ ನೆನಪಿರಲಿಲ್ಲ.

ಊರಲ್ಲಿ ಗಂಟೆ ಇನ್ನೂ ಹೊಡೆಯುತ್ತಿತ್ತು. ಅಜ್ಜಿ ಸ್ವಲ್ಪ ಸರಿದು, ಪಾದ್ರಿಗೆ ಕೂರಲು ಜಾಗ ಮಾಡಿಕೊಟ್ಟಳು.