ವಾರದ ದಿನ ಕೆಡುವ ಬಾಯ್ಲರ್

ಗಂಡನ ಜೊತೆ ಮಾತಾಡಿ ಎಂದು ಹೇಳಿ ಎರಡನೆಯ ಮೆಕ್ಯಾನಿಕ್ ವ್ಯಾನ್ ಹತ್ತಿದಾಗ, ಸೌಜನ್ಯಾ ಬಾಗಿಲನ್ನು ಎಷ್ಟು ಜೋರಾಗಿ ಬಡಿದಳೆಂದರೆ ತೊಟ್ಟಿಲಲ್ಲಿದ್ದ ಮಗು ಬೆಚ್ಚಿಬಿದ್ದು ಅತ್ತಿತು.

ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ಬಾಯ್ಲರ್ ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೆರಿಗೆಯ ಹೊಲಿಗೆ ಮಾಗುವವರೆಗೆ ಬೇಸ್‌ಮೆಂಟಿನ ಕಡಿದಾದ ಮೆಟ್ಟಿಲು ಇಳಿಯಕೂಡದೆಂದು ಡಾಕ್ಟರ್ ತಾಕೀತು ಮಾಡಿದ್ದರು. ಇಲ್ಲದಿದ್ದರೆ ತಾನೇ ಸ್ಪ್ಯಾನರ್ ಹಿಡಿಯುತ್ತಿದ್ದಳು.

2001ರ ಜನವರಿ. ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ನ ಪರಿಚಯದವರ ಮನೆಗಳಲ್ಲೆಲ್ಲ ಹೊಸ ಕೆಲಸ, ಹೊಸ ಕಾರಿನ ಮಾತು. ಇವಳ ಹಳೆಯ ಮನೆಯಲ್ಲಿ ಮಾತ್ರ ಮನೆಯನ್ನೂ ನೀರನ್ನೂ ಬಿಸಿಮಾಡುವ ಬಾಯ್ಲರಿನ ರಗಳೆ. ಬೆಳಿಗ್ಗೆ ಗಂಡ ಶಿವಪ್ರಸಾದ್ ಟೈ ಕಟ್ಟಿಕೊಂಡು, ಕಾರನ್ನು ಇವಳಿಗೆ ಬಿಟ್ಟು, ಮ್ಯಾನ್‌ಹ್ಯಾಟನ್ ರೈಲಿಗೆಂದು ನಡೆದೇ ಹೊರಡುತ್ತಿದ್ದ. ಅವನು ಹೋದ ಮೇಲೆ ಬಾಯ್ಲರ್ ಸತ್ತುಬೀಳುತ್ತಿತ್ತು. ಗೋಡೆಗಳು ತಣ್ಣಗಾಗಿ, ನಲ್ಲಿಯಲ್ಲಿ ಮಂಜಿನಂಥ ನೀರು. ಕೆಲವೊಮ್ಮೆ ತಾನಾಗಿಯೇ ಹೊತ್ತಿಕೊಳ್ಳುತ್ತಿತ್ತು. ಶನಿವಾರ, ಭಾನುವಾರ ಮಾತ್ರ ಒಂದು ದಿನವೂ ಕೈಕೊಟ್ಟಿದ್ದಿಲ್ಲ. ಗಂಡಸು ಮನೆಯಲ್ಲಿದ್ದರೆ ಯಂತ್ರಕ್ಕೂ ಮರ್ಯಾದೆ ಎಂದು ಅವಳು ಹಲ್ಲು ಕಡಿಯುತ್ತಿದ್ದಳು.

ಮೊದಲು ಬಂದವನು ಕೆಳಗಿಳಿದು, ತಕ್ಷಣ ಮೇಲೆ ಬಂದು, ಸ್ವಿಚ್ ಆಫ್ ಆಗಿತ್ತು, ಹಾಕಿದ್ದೇನೆ ಎಂದಿದ್ದ. ಮುಖ ಕೊಟ್ಟು ಮಾತಾಡಲಿಲ್ಲ. ತನ್ನನ್ನು ದಡ್ಡಿ ಮಾಡಿದನೆಂದು ಅವಳು ಕುದಿದಿದ್ದಳು. ಈಗ ಎರಡನೆಯವನು ಗಂಡನನ್ನು ಕೇಳು ಎನ್ನುತ್ತಾನೆ.

ಶಿವಪ್ರಸಾದನ ಸೆಲ್ ಫೋನಿಗೆ ಕರೆ ಮಾಡಿದಳು. "ಮೀಟಿಂಗ್‌ನ್ಯಾಗ ಅದೀನಿ. ಯಾರನ್ನೂ ಕರೀಬ್ಯಾಡ, ಸಂಜೀಕೆ ನಾನ ನೋಡ್ತೀನಿ" ಎಂದು ಪಿಸುಗುಟ್ಟಿ ಇಟ್ಟುಬಿಟ್ಟ. ಸಿಟ್ಟು ಅವನ ಕಡೆಗೂ ತಿರುಗಿತು. ಹಸುಗೂಸು ನಡುಗುತ್ತಿರುವಾಗ ಇವನಿಗೆ ಮೀಟಿಂಗ್. ಹಿತ್ತಲ ಕಡೆಯಿಂದ ಬೇಸ್‌ಮೆಂಟಿಗೆ ಇಳಿಯುವ ಬಾಗಿಲ ಮುಂದೆ ಬಿದ್ದ ಹಿಮ ತೆಗೆಯುವುದನ್ನು ಬಿಟ್ಟರೆ ಮನೆಯ ಯಾವ ಕೆಲಸದ ಮೇಲೂ ಅವನಿಗೆ ಈಚೆಗೆ ಗಮನವಿರಲಿಲ್ಲ.

ಕೊನೆಗೆ ಗೆಳತಿ ನೀತಾ ಈಶಣ್ಣನ ಹೆಸರು ಹೇಳಿದಳು. ಗದಗ ಕಡೆಯವನು, ಇಲ್ಲೇ ಹತ್ತಿರದ ಎಡಿಸನ್ ಊರಿನಲ್ಲಿ ಹೀಟಿಂಗ್ ಕೆಲಸ ಮಾಡುತ್ತಾನೆ, ಸುಳ್ಳು ಹೇಳಿ ಗೊತ್ತಿಲ್ಲ ಎಂದಳು.

ಮರುದಿನವೇ ಬಂದ ಈಶಣ್ಣ ಸಾಮಾನಿನ ಪೆಟ್ಟಿಗೆ ಹಿಡಿದು ಕೆಳಗಿಳಿದ. ತುಂಬ ಹೊತ್ತಾಯಿತು. ಕುಟ್ಟುವ ಸದ್ದಿಲ್ಲ, ಬಿಚ್ಚುವ ಸದ್ದಿಲ್ಲ. ಆಮೇಲೆ ಬಾಯ್ಲರ್ ಗುರುಗುಟ್ಟಿತು. ಮೇಲೆ ಬಂದವನು ಅವಳು ಕೊಟ್ಟ ಚಹಾ ಮುಟ್ಟಲಿಲ್ಲ.

"ಬಾಯ್ಲರ್ ಕೆಟ್ಟಿಲ್ಲ, ತಂಗಿ. ಶಿವಪ್ರಸಾದ್ ಅವರ ಕೂಡ ಕೂತು ಮಾತಾಡು. ಸಿಟ್ಟಾಗಬ್ಯಾಡ."

"ಯಾಕ್ರೀ, ನನಗ ಹೇಳಿದ್ರ ತಿಳಿಯೂದಿಲ್ಲೇನು? ನೀವೂ ಅವರ ಹಂಗ ಆದ್ರಿ."

ಈಶಣ್ಣ ಬಗ್ಗಿ ಬೂಟಿನ ಲೇಸ್ ಕಟ್ಟಿಕೊಂಡ. "ಅದನ್ನ ನಾ ಹೇಳಬಾರದವ್ವ" ಎಂದವನೇ ಹೊರಟುಹೋದ.

ನಂಬಿ ಕರೆಸಿದ ಊರಿನವನೂ ಹೀಗೆ. ಆ ರಾತ್ರಿ ಅವಳು ಗಂಡನೊಂದಿಗೆ ಮಾತೇ ಆಡಲಿಲ್ಲ.

ಮಾರನೆಯ ಬೆಳಿಗ್ಗೆ ಮಗುವಿನ ತಲೆಗೆ ಸೋಪು ಹಚ್ಚಿದ್ದಳಷ್ಟೇ, ನಲ್ಲಿಯ ನೀರು ಕೊರೆಯತೊಡಗಿತು. ಮಗು ಉಸಿರು ಕಟ್ಟಿ ಕಿರುಚಿತು. ಸೌಜನ್ಯಾ ಅದನ್ನು ಒರೆಸಿ, ಉಣ್ಣೆಯಲ್ಲಿ ಸುತ್ತಿ, ತೊಟ್ಟಿಲಿಗೆ ಹಾಕಿ ಬೇಸ್‌ಮೆಂಟಿನ ಬಾಗಿಲು ತೆರೆದಳು. ಹೊಲಿಗೆ ಹರಿದರೆ ಹರಿಯಲಿ. ಗೋಡೆ ಹಿಡಿದು, ನೋವಿಗೆ ತುಟಿ ಕಚ್ಚಿ, ಆ ಮೂವರನ್ನೂ ಶಪಿಸುತ್ತ ಇಳಿದಳು. ಬಾಯ್ಲರ್ ತಣ್ಣಗೆ ನಿಂತಿತ್ತು. ಪಕ್ಕದ ಸ್ವಿಚ್ ನಿಜಕ್ಕೂ ಆಫ್ ಆಗಿತ್ತು. ಅದರ ಮೇಲೆ ಕೈಯಿಟ್ಟಳು.

ಬಾಯ್ಲರಿನ ಹಿಂದಿನ ಮೂಲೆಯಲ್ಲಿ, ಮಡಚುವ ಕುರ್ಚಿಯ ಮೇಲೆ ಶಿವಪ್ರಸಾದ್ ಕೂತಿದ್ದ. ಟೈ, ಓವರ್‌ಕೋಟ್, ಕಿವಿಗೊತ್ತಿದ ಫೋನ್. ಇವಳನ್ನು ಕಂಡು ಮುಖ ಬಿಳಿಚಿಕೊಂಡರೂ ದನಿ ನಡುಗದಂತೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ: ಯಂತ್ರದ ಗದ್ದಲ ನಿಲ್ಲಿಸಿದ್ದೇನೆ ಸರ್, ಈಗ ನಿಮ್ಮ ಪ್ರಶ್ನೆ ಕೇಳಿಸುತ್ತಿದೆ, ಹೌದು, ಹಳೇ ಕಂಪನಿ ಕ್ರಿಸ್‌ಮಸ್‌ಗೆ ಮುಂಚೆಯೇ ನಮ್ಮನ್ನೆಲ್ಲ ತೆಗೆದುಹಾಕಿತು, ನಾಳೆಯೇ ಬೇಕಾದರೂ ಬಂದು ಸೇರುತ್ತೇನೆ.

ಸೌಜನ್ಯಾ ಸ್ವಿಚ್ಚಿನ ಮೇಲಿಂದ ಮೆಲ್ಲಗೆ ಕೈ ತೆಗೆದಳು.