ಹೊಸ್ತಿಲಿನವರೆಗೆ ಉಸಿರು

"ಅಜ್ಜಿ, ತಾತ ಹೋಗಿಬಿಟ್ರು," ಎಂದಳು ನರ್ಸ್ ಲಿಯೆನ್, ಮುದುಕನ ಕತ್ತಿನ ಮೇಲಿಟ್ಟಿದ್ದ ಬೆರಳನ್ನು ತೆಗೆಯುತ್ತ. ಅವನ ಬಾಯಿಯ ನಳಿಗೆಗೆ ಗಾಳಿ ಒತ್ತುತ್ತಿದ್ದ ರಬ್ಬರಿನ ಚೀಲವನ್ನೂ ಪಕ್ಕಕ್ಕಿಟ್ಟಳು.

ಆಸ್ಪತ್ರೆಯ ವ್ಯಾನು ಆಗಷ್ಟೇ ಹೊಳೆ ದಾಟಿ ಏರಿ ಹತ್ತಿತ್ತು. ಅಲ್ಲಿಯವರೆಗೂ ಮೂಯಜ್ಜಿ ಗಂಡನ ಕಿವಿಯ ಬಳಿ ಬಗ್ಗಿ ದಾರಿ ಹೇಳುತ್ತಲೇ ಬಂದಿದ್ದಳು. "ಸೇತುವೆ ಬಂತು ನೋಡಿ. ಬಸ್ಸು ಹತ್ತಿದ್ರೆ ಸಾಕು ಗೊರಕೆ ಹೊಡೀತಿದ್ರಿ. ಇವತ್ತೊಂದಿನ ಎಚ್ಚರವಾಗಿರಿ." ಈಗ ಅವಳ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಚಾಲಕ ಗಕ್ಕನೆ ಬ್ರೇಕ್ ಒತ್ತಿ ತಿರುಗಿದ. ಅವನ ಮುಖ ಬಿಳಿಚಿಕೊಂಡಿತ್ತು.

"ಏನು ಮಾಡ್ಬಿಟ್ಟೆ ತಂಗೀ! ದಾರೀಲಿ ಯಾರಾದ್ರೂ ಆ ಮಾತು ಆಡ್ತಾರಾ?"

ಲಿಯೆನ್ ಕಕ್ಕಾಬಿಕ್ಕಿಯಾದಳು. ಅವಳು ದೂರದ ದಕ್ಷಿಣದ ಸೈಗಾನಿನಲ್ಲಿ ಹುಟ್ಟಿ ಓದಿದವಳು. ಉತ್ತರದ ಈ ಜಿಲ್ಲಾಸ್ಪತ್ರೆಗೆ ಬಂದ ಮೇಲೆ ಕೊನೆಗಾಲದ ರೋಗಿಯನ್ನು ಮನೆ ಮುಟ್ಟಿಸಲು ಹೊರಟದ್ದು ಇದೇ ಮೊದಲು. ಸಾವನ್ನು ಮುಚ್ಚಿಡಬಾರದು, ಮನೆಯವರಿಗೆ ಮೆಲ್ಲಗೆ, ನೇರವಾಗಿ ಹೇಳಬೇಕು ಎಂದು ಅವಳಿಗೆ ಕಲಿಸಿದ್ದರು. ಹಾಗೆಯೇ ಹೇಳಿದ್ದಳು. ಅಜ್ಜಿಯ ಮುಖ ನೋಡಿಯೇ ಹೇಳಿದ್ದಳು.

"ಹೊರಗೆ ಪ್ರಾಣ ಬಿಟ್ಟವರನ್ನ ಈ ಕಡೆ ಮನೆಯೊಳಕ್ಕೆ ಸೇರಿಸಲ್ಲ," ಎಂದ ಚಾಲಕ. "ಅಂಗಳದಲ್ಲಿ ತಗಡಿನ ಕೆಳಗೆ ಮಲಗಿಸ್ತಾರೆ. ಇಟ್ಟಿಗೆ ಹೊತ್ತು ಆ ಮನೆ ಕಟ್ಟಿದವರು ಇವರೇ."

ಒಂದೇ ಮಾತಿನಲ್ಲಿ ಲಿಯೆನ್ ಈ ಮನುಷ್ಯನನ್ನು ಅವನ ಮನೆಯಿಂದಲೇ ಆಚೆ ಹಾಕಿದ್ದಳು!

ಮೂಯಜ್ಜಿ ಅಳಲಿಲ್ಲ. ಚೀಲವನ್ನೆತ್ತಿ ಹುಡುಗಿಯ ಅಂಗೈಯಲ್ಲಿಟ್ಟಳು.

"ಒತ್ತು."

"ಅಜ್ಜಿ... ಸುಳ್ಳು ಹೇಳೋಕೆ ನನ್ನಿಂದಾಗಲ್ಲ."

"ನೀನೇನೂ ಹೇಳ್ಬೇಡ ಮಗಳೇ. ಒತ್ತು, ಅಷ್ಟೇ."

ಲಿಯೆನ್ ಒತ್ತಿದಳು. ಮುದುಕನ ಎದೆ ಎದ್ದಿತು, ಇಳಿಯಿತು. ವ್ಯಾನು ಹೊರಟಿತು. "ಇಟ್ಟಿಗೆ ಗೂಡು ಬಂತು ನೋಡಿ," ಎಂದಳು ಅಜ್ಜಿ. ದನಿ ಮಾತ್ರ ಅವಳದಾಗಿರಲಿಲ್ಲ. ನಡುವೆ ಒಮ್ಮೆ ತನ್ನ ತಲೆವಸ್ತ್ರ ಬಿಚ್ಚಿ ಲಿಯೆನ್‌ಳ ಹಣೆಯ ಬೆವರು ಒರೆಸಿದಳು.

ಮನೆಯ ಬಾಗಿಲಲ್ಲಿ ನೆಂಟರೆಲ್ಲ ಸೇರಿದ್ದರು. ಎಲ್ಲರಿಗಿಂತ ಮುಂದೆ ನಿಂತಿದ್ದವನು ಮುದುಕನ ತಮ್ಮ ಖಾಂಗ್. ಆ ಮನೆತನದಲ್ಲಿ ಹಿರಿಯರ ಪೂಜೆ ಅವನದು. ಯಾರು ಒಳಗೆ, ಯಾರು ಹೊರಗೆ ಎಂಬ ಮಾತೂ ಅವನದೇ. ಸ್ಟ್ರೆಚರ್ ಹೊಸ್ತಿಲ ಬಳಿ ಬಂದಾಗ ಕೈ ಅಡ್ಡ ಹಿಡಿದ.

"ಉಸಿರಿದೆಯಾ?"

ಎಲ್ಲರ ಕಣ್ಣೂ ಲಿಯೆನ್‌ಳ ಮೇಲೆ. ಅವಳು ಚೀಲ ಒತ್ತಿದಳು. ಎದೆ ಎದ್ದಿತು. ಮತ್ತೆ ಒತ್ತಿದಳು.

ಖಾಂಗ್ ಎದೆಯ ಕಡೆ ನೋಡಲೇ ಇಲ್ಲ. ಕಂಬಳಿಯೊಳಗೆ ಕೈ ತೂರಿಸಿ ಅಣ್ಣನ ಪಾದ ಹಿಡಿದುಕೊಂಡ. ಹಿಡಿದವನು ಹಾಗೆಯೇ ನಿಂತ. ಲಿಯೆನ್‌ಳ ಬೆರಳುಗಳು ಚೀಲದ ಮೇಲೆ ಸೆಟೆದುಹೋದವು. ಅವನು ಅತ್ತಿಗೆಯ ಮುಖ ನೋಡಿದ. ಆಮೇಲೆ, ಚೀಲ ಹಿಡಿದು ನಿಂತಿದ್ದ ಈ ಹುಡುಗಿಯ ಮುಖವನ್ನು.

ಕೈ ಹೊರಗೆ ತೆಗೆದು, ಕಂಬಳಿಯನ್ನು ಪಾದಗಳ ಮೇಲೆ ಪೂರ್ತಿ ಎಳೆದು, ಸುತ್ತ ಒತ್ತಿ ಸಿಕ್ಕಿಸಿದ.

"ಬಾಯಿ ಬಿಟ್ಕೊಂಡು ಯಾಕ್ರೋ ನಿಂತಿದ್ದೀರಾ?" ಎಂದು ಹಿಂದಿದ್ದವರ ಮೇಲೆ ಗದರಿದ. "ಅಣ್ಣನಿಗೆ ಚಳಿಯಾಗ್ತಿದೆ. ಒಳಗೆ ಕರ್ಕೊಂಡು ಬನ್ನಿ, ಬೇಗ."