ಬಾವಿಯಿಂದ ಹೊರಟ ದಿಬ್ಬಣ

ಬಾವಿಯ ಕೆಸರು ತೆಗೆಯಲು ಇಳಿದಿದ್ದ ಮುಂಡಪ್ಪ ಮೊದಲು ಮೀನನ್ನು ಬಕೆಟ್ಟಿನಲ್ಲಿ ಹಾಕಿ ಮೇಲೆ ಕಳಿಸಿದ. ಅವ್ವಮ್ಮ ಹಗ್ಗ ಎಳೆದು ಬಕೆಟ್ಟನ್ನು ಬಾವಿಕಟ್ಟೆಯ ಮೇಲಿಟ್ಟು, ಮೀನಿಗೆ ಬಿಸಿಲು ತಾಗದಂತೆ ತಲೆವಸ್ತ್ರದ ತುದಿಯನ್ನು ಮರೆ ಹಿಡಿದರು. ಮೂಡುಬಿದಿರೆಯ ಕಾಲೇಜಿನಿಂದ ಬಂದಿದ್ದ ಪ್ರಾಣಿಶಾಸ್ತ್ರದ ಟೀಚರ್ ವಾಗ್ದೇವಿ ಹತ್ತಿರ ಬಂದದ್ದೇ ತಡ, ಬಕೆಟ್ಟು ಅವ್ವಮ್ಮನ ಇನ್ನೊಂದು ಪಕ್ಕಕ್ಕೆ ಸರಿಯಿತು.

“ಕಳೆದ ವರ್ಷ ಇದರ ರೆಕ್ಕೆಯಿಂದ ಉಗುರಿನಷ್ಟು ಕತ್ತರಿಸಿಕೊಂಡು ಹೋದಿರಿ. ಈಗ ಇಡೀ ಮೀನೇ ಬೇಕಾ ಟೀಚರೇ?”

“ಆ ಉಗುರಿನಷ್ಟರಲ್ಲೇ ಎಲ್ಲ ಗೊತ್ತಾದದ್ದು ಅವ್ವಮ್ಮ. ಹೊಳೆಯಲ್ಲಿ ಹಿಡಿದು ಪರೀಕ್ಷೆ ಮಾಡಿಸಿದ ಇದೇ ಜಾತಿಯ ಪೆರುವೊಲು ಮೀನೆಲ್ಲ ಬೆರಕೆ. ಯಾರೋ ಬೇರೆ ಊರಿನ ಮರಿ ತಂದು ಬಿಟ್ಟಿದ್ದಾರೆ. ಈ ಹೊಳೆಯ ಹಳೇ ವಂಶದ್ದು ನನಗೆ ಸಿಕ್ಕಿದ್ದು ಎರಡೇ. ಒಂದು ನಮ್ಮ ಕಾಲೇಜಿನ ತೊಟ್ಟಿಯಲ್ಲಿ ಉಂಟು, ಹೆಣ್ಣು. ಅದಕ್ಕೂ ಪ್ರಾಯ ಆಯಿತು. ಇನ್ನೊಂದು ಇದು. ಜೋಡಿಯಾದರೆ ಆ ವಂಶದ ಮರಿ ಮಾಡಿಸಬಹುದು.”

ಎಂಬತ್ತಾರರಲ್ಲಿ ಬಾವಿ ತೋಡಿಸಿದಾಗ, ನೀರಿನ ಹುಳ ತಿನ್ನಲಿ ಎಂದು ಹೊಳೆಯಿಂದ ಬೆರಳುದ್ದದ ಮರಿಯನ್ನು ತಂದು ಬಿಟ್ಟವರು ಅವ್ವಮ್ಮನ ಗಂಡ ಹಸೈನಾರ್. ಪಾಣೆಮಂಗಳೂರಿನಲ್ಲಿ ಹೊಸ ಬಾವಿಗೆ ಮೀನು ಬಿಡುವುದು ದೊಡ್ಡ ಸಂಗತಿಯಲ್ಲ. ಆದರೆ ದಿನಾ ಬೆಳಿಗ್ಗೆ ಬಾವಿಗೆ ಬಗ್ಗಿ “ಮೋಳೇ” ಎಂದು, ಅಂದರೆ ಮಗಳೇ ಎಂದು, ಮೀನನ್ನು ಮಾತನಾಡಿಸಿ ಅನ್ನದ ಅಗುಳು ಹಾಕುತ್ತಿದ್ದವರು ಅವರೊಬ್ಬರೇ. ಹಸೈನಾರ್ ತೀರಿಕೊಂಡು ಆರು ವರ್ಷ. ಈಗ ಹಾಗೆ ಕರೆಯುವ ಕೆಲಸ ಅವ್ವಮ್ಮನದು. ಮೀನೂ ಹೋದರೆ ಗಂಡನ ಆ ದನಿ ಮನೆಯಿಂದ ಪೂರ್ತಿ ಹೋದಂತೆ ಎಂದು ಅವರಿಗೆ ಹೆದರಿಕೆ.

“ಕೊಡ್ಲಿಕ್ಕೆ ಆಗುದಿಲ್ಲ ಟೀಚರೇ. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವ ಕ್ರಮ ಇಲ್ಲ. ನನ್ನ ಉಮ್ಮ ಹೋಗಲಿಲ್ಲ, ನಾನು ಹೋಗಲಿಲ್ಲ, ನನ್ನ ಮಗಳು ಈ ಶಾಹಿದಾಳೂ ಹೋಗಲಿಲ್ಲ. ಪುದಿಯಾಪ್ಲೆಯೇ ಹೆಣ್ಣಿನ ಮನೆಗೆ ಬರುವುದು. ಇವಳಿಗೆ ಮದುಮಗ ಸಿಕ್ಕಿದರೆ ಇಲ್ಲಿಗೇ ಕರ್ಕೊಂಡು ಬನ್ನಿ, ಬಾವಿ ದೊಡ್ಡದುಂಟು.”

ಬದಿಯಲ್ಲಿ ನಿಂತಿದ್ದ ಶಾಹಿದಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ವಾಗ್ದೇವಿಗೂ ನಗು ಬಂತು.

“ನಿಂತ ನೀರಿನಲ್ಲಿ ಇವು ಮೊಟ್ಟೆ ಇಡುದಿಲ್ಲ ಅವ್ವಮ್ಮ. ಒಂದು ಕೆಲಸ ಮಾಡುವ. ಇದು ಹೆಣ್ಣಾದರೆ ನನಗೆ ಉಪಯೋಗ ಇಲ್ಲ, ಬಂದ ಹಾಗೇ ಹೋಗ್ತೇನೆ. ಗಂಡಾದರೆ?”

“ಗಂಡಾದರೆ ನಮ್ಮ ಕ್ರಮದ ಹಾಗೆ ನಾನೇ ಕಳಿಸ್ತೇನೆ. ಹದಿನೆಂಟು ವರ್ಷ ಮೋಳೇ ಅಂತ ಕರೆದದ್ದು ಸುಳ್ಳಾಗ್ತದಾ? ನೋಡಿ, ಸರಿಯಾಗಿ ನೋಡಿ,” ಎಂದು ಅವ್ವಮ್ಮ ಆಗಲೇ ಗೆದ್ದವರಂತೆ ಬಕೆಟ್ಟನ್ನು ಮುಂದೆ ತಳ್ಳಿದರು.

ವಾಗ್ದೇವಿ ಕೈ ಒದ್ದೆ ಮಾಡಿಕೊಂಡು ಮೀನನ್ನು ಮೆಲ್ಲಗೆ ಮಗುಚಿ, ಹೊಟ್ಟೆಯ ಕೆಳಗೆ ಹೆಬ್ಬೆರಳು ಆಡಿಸಿದಳು. ಹಾಲಿನಂಥ ಬಿಳಿ ಹನಿಯೊಂದು ಹೊರಬಂತು. ಒಂದು ವರ್ಷದಿಂದ ಅವಳು ಕಾದಿದ್ದು ಆ ಹನಿಗೇ. ಆದರೂ ಸಂತೋಷಪಡಲು ಮನಸ್ಸು ಬರಲಿಲ್ಲ.

“ಅದೇನು ಬೆಳ್ಳಗೆ?”

“ಗಂಡು, ಅವ್ವಮ್ಮ.”

ಅವ್ವಮ್ಮ ಬಕೆಟ್ಟಿಗೆ ಬಗ್ಗಿದರು. “ಈ ಮನುಷ್ಯನಿಗೆ ಅಷ್ಟೂ ಗೊತ್ತಾಗಲಿಲ್ಲವಲ್ಲ,” ಎಂದು ತೀರಿಹೋದ ಗಂಡನನ್ನು ಬೈದರು. ಕಣ್ಣು ತುಂಬಿಕೊಂಡಿತು. ಆಮೇಲೆ ನೀರಿನಲ್ಲಿ ಬೆರಳು ಅದ್ದಿ, “ಮೋನೇ,” ಎಂದು ಮೊದಲ ಸಲ ಮಗನೆಂದು ಕರೆದರು.

“ಉಮ್ಮಾ, ಮನಸ್ಸಿಲ್ಲದಿದ್ದರೆ ಬೇಡ ಅನ್ನಿ. ಟೀಚರ್ ಏನೂ ತಪ್ಪು ತಿಳಿಯುದಿಲ್ಲ,” ಎಂದಳು ಶಾಹಿದಾ.

“ಮಾತು ಕೊಟ್ಟಾಯ್ತು. ನನ್ನ ಬುರ್ಖಾ ತಾ. ಮದುಮಗನನ್ನು ಒಬ್ಬನನ್ನೇ ಕಳಿಸ್ಲಿಕ್ಕೆ ಆಗ್ತದಾ?”

ಜೀಪಿನಲ್ಲಿ ಬಕೆಟ್ಟನ್ನು ಎರಡು ಕಾಲಿನ ನಡುವೆ ಹಿಡಿದು ಕುಳಿತ ಅವ್ವಮ್ಮ, ಮೂಡುಬಿದಿರೆಯ ತನಕ ಡ್ರೈವರನಿಗೆ ಹೊಂಡ ತಪ್ಪಿಸಲು ಹೇಳಿದ್ದೇ ಹೇಳಿದ್ದು. ಕಾಲೇಜಿನ ತೊಟ್ಟಿಯಲ್ಲಿದ್ದ ಹೆಣ್ಣು ಬಾವಿಯ ಮೀನಿನ ಎರಡರಷ್ಟಿತ್ತು. “ಹುಡುಗಿ ಸ್ವಲ್ಪ ದೊಡ್ಡವಳೇ ಆಯಿತು ಟೀಚರೇ,” ಎಂದು ಮೂಗಿನ ಮೇಲೆ ಬೆರಳಿಟ್ಟವರು, ಬಕೆಟ್ಟನ್ನು ತಾವೇ ಬಗ್ಗಿಸಿದರು. ತೊಟ್ಟಿಯ ಒಂದು ತುದಿಯಿಂದ ನೀರು ಹರಿದು ಬರುತ್ತಿತ್ತು. ಹದಿನೆಂಟು ವರ್ಷ ಹರಿವೇ ಕಾಣದ ಮೀನು ಒಂದು ಸುತ್ತು ಬಂದು, ಹರಿಯುವ ನೀರಿಗೆ ಎದುರಾಗಿ ನಿಂತಿತು.

“ಮರಿಗಳಾದರೆ ಒಂದನ್ನು ನಿಮ್ಮ ಬಾವಿಗೆ ತಂದುಕೊಡ್ತೇನೆ,” ಎಂದಳು ವಾಗ್ದೇವಿ.

“ಬೇಡ. ಮಕ್ಕಳು ತಾಯಿಯ ಮನೆಯಲ್ಲಿ ಬೆಳೀಬೇಕು. ಹೊಳೆಗೇ ಬಿಡಿ.”

“ಬಾವಿ ಖಾಲಿ ಆಗ್ತದಲ್ಲ ಅವ್ವಮ್ಮ?”

“ಖಾಲಿ ಇರ್ಲಿ. ನಮ್ಮ ಗಂಡುಮಕ್ಕಳು ಹೆಂಡತಿಯ ಮನೆಯಲ್ಲಿದ್ದರೂ ಉಮ್ಮನನ್ನು ನೋಡ್ಲಿಕ್ಕೆ ಬರ್ತಾರೆ. ಬಂದಾಗ ಅವನ ಜಾಗದಲ್ಲಿ ಬೇರೆಯವರು ಇರ್ಬಾರ್ದು.”